ಲಿವರ್ ಒತ್ತುವುದು ಬೆರಳು, ಗೇರ್ ಬದಲಿಸುವುದು ಕಾಲು

ಗೇರ್ ಸೈಕಲ್‌ಗೆ ಹೊಸಬರಾದವರಲ್ಲಿ ಎರಡು ಅಭ್ಯಾಸ ಸಾಮಾನ್ಯ. ಕೆಲವರು ಯಾವುದೋ ಒಂದು ಗೇರಿಗೆ ಚೈನ್ ಹಾಕಿಟ್ಟು ಏರಿಗೂ ಇಳಿಜಾರಿಗೂ ಅದರಲ್ಲೇ ತುಳಿಯುತ್ತಾರೆ. ಇನ್ನು ಕೆಲವರು ಏರಿನ ನಟ್ಟನಡುವೆ, ಪೆಡಲ್ ಇನ್ನೇನು ನಿಂತೇಹೋಯಿತು ಅನ್ನುವಾಗ ಲಿವರನ್ನು ಗಟ್ಟಿಯಾಗಿ ಒತ್ತುತ್ತಾರೆ. ಕೂಡಲೇ ಕಟಕಟ ಸದ್ದು ಬರುತ್ತದೆ, ಚೈನ್ ಜಾರುತ್ತದೆ, ಕೆಲವೊಮ್ಮೆ ಬಿದ್ದೇಹೋಗುತ್ತದೆ. ಗೇರ್ ಕೆಟ್ಟಿದೆ ಎಂದು ಸೈಕಲನ್ನು ರಿಪೇರಿಗೆ ಕೊಡುತ್ತಾರೆ. ಬಹಳಷ್ಟು ಸಲ ಗೇರಿಗೆ ಏನೂ ಆಗಿರುವುದಿಲ್ಲ. ಬದಲಿಸಿದ ಹೊತ್ತು ತಪ್ಪಿರುತ್ತದೆ, ಆ ಹೊತ್ತಿನಲ್ಲಿ ಪೆಡಲ್ ಮೇಲೆ ಬಿದ್ದಿದ್ದ ಬಲ ಹೆಚ್ಚಾಗಿರುತ್ತದೆ.

ನೆನಪಿಡಬೇಕಾದ ನಿಯಮ ಚಿಕ್ಕದು: ಗೇರ್ ಬದಲಿಸುವಾಗ ಪೆಡಲ್ ತಿರುಗುತ್ತಲೇ ಇರಬೇಕು, ಆದರೆ ಅದರ ಮೇಲೆ ಬಲ ಬೀಳಬಾರದು. ಈ ನಿಯಮ ಎಲ್ಲಿಂದ ಬಂತು ಎಂದು ತಿಳಿಯಲು ಚೈನ್ ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದನ್ನು ನೋಡಬೇಕು.

ಚೈನ್ ದಾಟುವ ಬಗೆ

ಪೆಡಲ್ ಇರುವ ಕಡೆಯ ಹಲ್ಲುಗಾಲಿಗಳಿಗೆ ಚೈನ್‌ರಿಂಗ್ ಎನ್ನುತ್ತಾರೆ. ಹಿಂದಿನ ಚಕ್ರದ ನಡುವೆ ಸಾಲಾಗಿ ಕೂತಿರುವವು ಸ್ಪ್ರಾಕೆಟ್‌ಗಳು. ಸ್ಪ್ರಾಕೆಟ್‌ಗಳ ಕೆಳಗೆ ಎರಡು ಪುಟ್ಟ ಗಾಲಿಗಳನ್ನು ಹೊತ್ತು ನೇತಾಡುವ ತೋಳೇ ಹಿಂದಿನ ಡಿರೇಲರ್. ಲಿವರ್ ಒತ್ತಿದಾಗ ಕೇಬಲ್ ಈ ತೋಳನ್ನು ಅಡ್ಡಕ್ಕೆ ಎಳೆಯುತ್ತದೆ. ಮೇಲಿನ ಪುಟ್ಟ ಗಾಲಿ ಪಕ್ಕದ ಸ್ಪ್ರಾಕೆಟ್‌ನ ನೇರಕ್ಕೆ ಸರಿದು ಚೈನನ್ನೂ ಜೊತೆಗೆ ಸರಿಸುತ್ತದೆ. ಡಿರೇಲರ್ ಮಾಡುವುದು ಇಷ್ಟೇ. ಚೈನನ್ನು ಹೊಸ ಹಲ್ಲುಗಳ ಮೇಲೆ ಹತ್ತಿಸುವುದು ಸ್ಪ್ರಾಕೆಟ್‌ನ ತಿರುಗುವಿಕೆ. ಅದನ್ನು ತಿರುಗಿಸುವುದು ನಿಮ್ಮ ಕಾಲು.

ಪೆಡಲ್ ನಿಂತಿದ್ದರೆ ಚೈನ್ ಚಲಿಸುವುದಿಲ್ಲ, ಹಾಗಾಗಿ ದಾಟುವುದೂ ಇಲ್ಲ. ನಿಂತಾಗ ಲಿವರ್ ಒತ್ತಿದರೆ ಕೇಬಲ್ ಬಿಗಿಯಾಗಿ, ಡಿರೇಲರ್ ಚೈನನ್ನು ಪಕ್ಕಕ್ಕೆ ನೂಕುತ್ತಾ ಕಾಯುತ್ತಿರುತ್ತದೆ. ನೀವು ಹೊರಡಲು ಇಡೀ ಮೈಭಾರ ಹಾಕಿ ಮೊದಲ ತುಳಿತ ತುಳಿದಾಗ, ತಡೆದು ನಿಂತಿದ್ದ ಆ ಬದಲಾವಣೆ ಒಮ್ಮೆಲೇ ನಡೆಯುತ್ತದೆ. ಸಿಗ್ನಲ್‌ನಲ್ಲಿ ಹಸಿರು ದೀಪ ಬಿದ್ದ ಕೂಡಲೇ ಕೇಳಿಬರುವ ಕಟಾರ್ ಸದ್ದಿಗೆ ಹೆಚ್ಚಿನ ಸಲ ಕಾರಣ ಇದೇ.

ಬಲದ ಸಂಗತಿ ಇದಕ್ಕಿಂತ ಸೂಕ್ಷ್ಮ. ಚೈನಿಗೆ ಎರಡು ಓಟಗಳಿವೆ. ಮೇಲಿನ ಓಟ ಹಿಂದಿನ ಚಕ್ರವನ್ನು ಎಳೆಯುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಅದರಲ್ಲೇ ಹರಿಯುತ್ತದೆ. ಕೆಳಗಿನ ಓಟ ಸುಮ್ಮನೆ ಹಿಂದಕ್ಕೆ ಮರಳುವ ಚೈನ್, ಸಡಿಲವಾಗಿರುತ್ತದೆ. ಹಿಂದಿನ ಡಿರೇಲರ್ ಸರಿಸುವುದು ಈ ಸಡಿಲ ಓಟವನ್ನು, ಆದ್ದರಿಂದ ಸರಿಸುವುದು ಸುಲಭ. ಆದರೆ ದಾಟುವ ಕ್ಷಣದಲ್ಲಿ ಚೈನಿನ ಒಂದು ಭಾಗ ಹಳೆಯ ಸ್ಪ್ರಾಕೆಟ್ ಮೇಲೂ ಇನ್ನೊಂದು ಭಾಗ ಹೊಸದರ ಮೇಲೂ ಇರುತ್ತದೆ. ಚೈನ್ ಹತ್ತಲೆಂದೇ ಸ್ಪ್ರಾಕೆಟ್‌ಗಳ ಪಕ್ಕದಲ್ಲಿ ಅಲ್ಲಲ್ಲಿ ಸಣ್ಣ ಇಳಿಜಾರಿನ ಗೀರುಗಳನ್ನು ಕೊರೆದಿರುತ್ತಾರೆ, ಕೆಲವು ಹಲ್ಲುಗಳನ್ನು ಉಳಿದವಕ್ಕಿಂತ ಮೋಟಾಗಿ ಮಾಡಿರುತ್ತಾರೆ. ಅಂಥ ಜಾಗ ಬರುವವರೆಗೆ ಚೈನ್ ಕಾಯಬೇಕು. ಕಾಲಿನ ಬಲ ಹಗುರವಾಗಿದ್ದರೆ ಕೊಂಡಿಗಳು ಆ ಗೀರುಗಳ ಮೇಲೆ ಜಾರಿ ಸದ್ದಿಲ್ಲದೆ ಕೂರುತ್ತವೆ. ಬಲ ಹೆಚ್ಚಿದ್ದರೆ ಚೈನ್ ಹಲ್ಲಿನ ತುದಿಯ ಮೇಲೆ ಎಳೆದುಕೊಂಡು ನಿಂತು ಆಮೇಲೆ ಧಡ್ ಎಂದು ಬೀಳುತ್ತದೆ. ಹೀಗೆ ಬಿದ್ದಾಗಲೆಲ್ಲ ಹಲ್ಲಿನ ಅಂಚು ಸವೆಯುತ್ತದೆ, ಕೊಂಡಿಯ ಪಕ್ಕದ ತಗಡು ಬಾಗುತ್ತದೆ. ಏರು ಹತ್ತುವಾಗ ಚೈನ್ ತುಂಡಾಗುವ ಪ್ರಸಂಗಗಳಲ್ಲಿ ಬಹಳಷ್ಟು ನಡೆಯುವುದು ಭಾರದಲ್ಲಿ ಗೇರ್ ಬದಲಿಸುವಾಗಲೇ.

ಮುಂದಿನ ಡಿರೇಲರ್‌ನ ಪಾಡು ಇನ್ನೂ ಕಷ್ಟದ್ದು. ಅದು ಬಿಗಿದು ನಿಂತ ಮೇಲಿನ ಓಟವನ್ನೇ ಪಕ್ಕಕ್ಕೆ ನೂಕಬೇಕು. ಹಿಂದೆ ಒಂದು ಸ್ಪ್ರಾಕೆಟ್‌ನಿಂದ ಇನ್ನೊಂದಕ್ಕೆ ಎರಡು ಹಲ್ಲಿನ ವ್ಯತ್ಯಾಸವಿದ್ದರೆ, ಮುಂದೆ 24 ಹಲ್ಲಿನ ರಿಂಗ್‌ನಿಂದ 34 ಹಲ್ಲಿನ ರಿಂಗ್‌ಗೆ ಚೈನ್ ಹತ್ತಬೇಕು. ಹಿಂದಿನ ಗೇರ್ ಒಂದಿಷ್ಟು ಬಲವನ್ನು ಸಹಿಸಿಕೊಂಡೀತು, ಮುಂದಿನದು ಸಹಿಸುವುದಿಲ್ಲ. ಏರಿನಲ್ಲಿ ಮುಂದಿನ ಗೇರ್ ಮೊಂಡು ಹಿಡಿಯುವುದಕ್ಕೆ ಇದೇ ಕಾರಣ.

ಎಡಗೈಗೆ ಮುಂದಿನದು, ಬಲಗೈಗೆ ಹಿಂದಿನದು

ಗೇರ್ ಲಿವರ್‌ಗಳನ್ನು ಹೊತ್ತ, ಹ್ಯಾಂಡಲ್ ಮೇಲಿನ ಭಾಗಕ್ಕೆ ಶಿಫ್ಟರ್ ಎನ್ನುತ್ತಾರೆ. ಬಹುತೇಕ ಎಲ್ಲ ಸೈಕಲ್‌ಗಳಲ್ಲೂ ಎಡಗೈಯ ಶಿಫ್ಟರ್ ಮುಂದಿನ ಚೈನ್‌ರಿಂಗ್‌ಗೆ, ಬಲಗೈಯದು ಹಿಂದಿನ ಸ್ಪ್ರಾಕೆಟ್‌ಗೆ. ಶಿಫ್ಟರ್ ಮೇಲಿನ ಅಂಕಿ ಚಿಕ್ಕದಾದಷ್ಟೂ ತುಳಿಯುವುದು ಹಗುರ. ಎಡಗಡೆಯ 1 ಎಂದರೆ ಮುಂದಿನ ಅತಿ ಚಿಕ್ಕ ರಿಂಗ್. ಬಲಗಡೆಯ 1 ಎಂದರೆ ಹಿಂದಿನ ಅತಿ ದೊಡ್ಡ ಸ್ಪ್ರಾಕೆಟ್. ಹೊಸಬರಿಗೆ ಗೊಂದಲವಾಗುವುದು ಇಲ್ಲೇ: ಮುಂದೆ ಚಿಕ್ಕದು ಹಗುರ, ಹಿಂದೆ ದೊಡ್ಡದು ಹಗುರ. ಎರಡೂ ಕಡೆ ಕೇಬಲ್ ಎಳೆದರೆ ಚೈನ್ ದೊಡ್ಡ ಹಲ್ಲುಗಾಲಿಗೆ ಹೋಗುತ್ತದೆ, ಬಿಟ್ಟರೆ ಸ್ಪ್ರಿಂಗ್ ಅದನ್ನು ಚಿಕ್ಕದಕ್ಕೆ ತರುತ್ತದೆ. ಹಾಗಾಗಿ ಹೆಬ್ಬೆರಳಿನಿಂದ ಒತ್ತುವ ದೊಡ್ಡ ಲಿವರ್ ಬಲಗೈಯಲ್ಲಿ ತುಳಿತವನ್ನು ಹಗುರ ಮಾಡುತ್ತದೆ, ಎಡಗೈಯಲ್ಲಿ ಭಾರ ಮಾಡುತ್ತದೆ. ಇದನ್ನು ಬಾಯಿಪಾಠ ಮಾಡುವುದಕ್ಕಿಂತ ಸಮತಟ್ಟು ರಸ್ತೆಯಲ್ಲಿ ಬಲಗೈ ಒಂದನ್ನೇ ಬಳಸಿ ಕೆಲವು ದಿನ ಓಡಿಸುವುದು ಒಳ್ಳೆಯದು. ಎಡಗೈಯನ್ನು ನಡುವಿನ ರಿಂಗ್‌ನಲ್ಲಿ, ಎರಡೇ ರಿಂಗ್ ಇದ್ದರೆ ಚಿಕ್ಕದರಲ್ಲಿ ಇಟ್ಟು ಮರೆತುಬಿಡಿ. ದಿನನಿತ್ಯದ ಓಡಾಟದ ಬಹುಪಾಲು ಗೇರ್ ಬದಲಾವಣೆಗೆ ಬಲಗೈಯೇ ಸಾಕು.

ಕ್ಲಿಕ್ ಎನ್ನುವ ಶಿಫ್ಟರ್‌ಗಳು ಬಂದದ್ದು ಸವಾರನ ಕೆಲಸವನ್ನು ಅರ್ಧ ಇಳಿಸಿತು. 1984ರಲ್ಲಿ ಶಿಮಾನೊ ಕಂಪನಿ ತನ್ನ ಡ್ಯೂರಾ ಏಸ್ ಸರಣಿಯಲ್ಲಿ ಈ ಪದ್ಧತಿಯನ್ನು ತಂದು ಅದನ್ನು ಜನಪ್ರಿಯಗೊಳಿಸುವವರೆಗೆ, ಲಿವರನ್ನು ಎಷ್ಟು ಸರಿಸಿದರೆ ಚೈನ್ ಸರಿಯಾದ ಜಾಗಕ್ಕೆ ಬರುತ್ತದೆ ಎಂಬುದನ್ನು ಕಿವಿ, ಕೈಗಳಿಂದಲೇ ಕಂಡುಕೊಳ್ಳಬೇಕಾಗಿತ್ತು. ಈಗ ಒಂದು ಕ್ಲಿಕ್‌ಗೆ ಒಂದು ಗೇರ್. ಆದರೆ ಕ್ಲಿಕ್ ಕೇಳಿಸಿತು ಎಂದ ಮಾತ್ರಕ್ಕೆ ಗೇರ್ ಬಿತ್ತು ಎಂದಲ್ಲ. ಕ್ಲಿಕ್ ಆದ ಮೇಲೂ ಪೆಡಲ್ ಅರ್ಧ ಸುತ್ತು, ಕೆಲವೊಮ್ಮೆ ಒಂದು ಸುತ್ತು, ಹಗುರವಾಗಿ ತಿರುಗಬೇಕು.

21 ಗೇರಿನ ನಿಜವಾದ ಲೆಕ್ಕ

ಮುಂದಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿದರೆ ಬರುವುದು ಗೇರ್ ಅನುಪಾತ. ಪೆಡಲ್ ಒಂದು ಸುತ್ತು ಹೊಡೆದಾಗ ಹಿಂದಿನ ಚಕ್ರ ಎಷ್ಟು ಸುತ್ತು ಹೊಡೆಯುತ್ತದೆ ಎಂಬುದನ್ನು ಅದು ಹೇಳುತ್ತದೆ. ಸಾಮಾನ್ಯವಾಗಿ ಸಿಗುವ 21 ಗೇರಿನ ಒಂದು ಸೈಕಲ್ ತೆಗೆದುಕೊಳ್ಳೋಣ. ಮುಂದೆ 42, 34, 24 ಹಲ್ಲಿನ ಮೂರು ರಿಂಗ್. ಹಿಂದೆ 14, 16, 18, 20, 22, 24, 28 ಹಲ್ಲಿನ ಏಳು ಸ್ಪ್ರಾಕೆಟ್. ಅತಿ ಭಾರದ ಗೇರ್ 42ಕ್ಕೆ 14, ಅನುಪಾತ 3. ಅತಿ ಹಗುರದ್ದು 24ಕ್ಕೆ 28, ಅನುಪಾತ 0.86.

ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಎಂದುಕೊಳ್ಳಿ. ಅತಿ ಭಾರದ ಗೇರಿನಲ್ಲಿ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ 6.3 ಮೀಟರ್ ಹೋಗುತ್ತದೆ, ಅತಿ ಹಗುರದ್ದರಲ್ಲಿ 1.8 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಮೊದಲನೆಯದರಲ್ಲಿ ಗಂಟೆಗೆ ಸುಮಾರು 30 ಕಿ.ಮೀ., ಎರಡನೆಯದರಲ್ಲಿ ಸುಮಾರು 8.6 ಕಿ.ಮೀ. ವೇಗ. ಕಾಲು ತಿರುಗುವ ರೀತಿ ಒಂದೇ, ಹೋಗುವ ದೂರ ಬೇರೆ. ಗೇರ್ ನಿಮಗೆ ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ. ಇರುವ ಶಕ್ತಿಯನ್ನು ಯಾವ ಲಯದಲ್ಲಿ ಖರ್ಚು ಮಾಡಬೇಕು ಎಂಬ ಆಯ್ಕೆಯನ್ನು ಕೊಡುತ್ತದೆ.

ಈಗ ಇದೇ ಸೈಕಲ್‌ನ ಉಳಿದ ಅನುಪಾತಗಳನ್ನು ನೋಡಿ. 42ಕ್ಕೆ 24 ಹಾಕಿದರೆ 1.75. 34ಕ್ಕೆ 20 ಹಾಕಿದರೆ 1.70. 24ಕ್ಕೆ 14 ಹಾಕಿದರೆ 1.71. ಮೂರು ಬೇರೆ ಬೇರೆ ರಿಂಗ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಗೇರ್. 42ಕ್ಕೆ 28 ಮತ್ತು 24ಕ್ಕೆ 16, ಎರಡೂ ಕರಾರುವಾಕ್ಕಾಗಿ 1.5. ಹೀಗೆ ಒಂದರ ಮೇಲೊಂದು ಬೀಳುವವನ್ನು ಬಿಟ್ಟು ಎಣಿಸಿದರೆ, 21ರಲ್ಲಿ ಕಾಲಿಗೆ ಬೇರೆ ಬೇರೆ ಎನಿಸುವುದು ಸುಮಾರು 13 ಮಾತ್ರ. ಹಾಗಾಗಿ 1ರಿಂದ 21ರವರೆಗೆ ಕ್ರಮವಾಗಿ ಗೇರ್ ಹಾಕಿಕೊಂಡು ಹೋಗಬೇಕು ಎಂಬ ಕಲ್ಪನೆಯನ್ನೇ ಬಿಡಿ. ಮೂರು ರಿಂಗ್‌ಗಳು ಮೂರು ಬಗೆಯ ನೆಲಕ್ಕೆ: ಚಿಕ್ಕದು ಕಡಿದಾದ ಏರಿಗೆ, ನಡುವಿನದು ಸಾಧಾರಣ ರಸ್ತೆಗೆ, ದೊಡ್ಡದು ವೇಗದ ಸಮತಟ್ಟಿಗೆ ಮತ್ತು ಇಳಿಜಾರಿಗೆ. ನೆಲ ನೋಡಿ ರಿಂಗ್ ಆರಿಸಿ, ಸಣ್ಣಪುಟ್ಟ ಹೊಂದಾಣಿಕೆಯನ್ನೆಲ್ಲ ಹಿಂದಿನ ಸ್ಪ್ರಾಕೆಟ್‌ಗಳಿಗೆ ಬಿಡಿ.

ಮುಂದೆ ಒಂದೇ ರಿಂಗ್ ಇರುವ ಸೈಕಲ್‌ಗಳು ಈಗ ಹೆಚ್ಚುತ್ತಿವೆ. ಮುಂದೆ 32 ಹಲ್ಲು, ಹಿಂದೆ 10ರಿಂದ 51ರವರೆಗೆ 12 ಸ್ಪ್ರಾಕೆಟ್ ಇದ್ದರೆ ಅನುಪಾತ 3.2ರಿಂದ 0.63ರವರೆಗೆ ಹರಡುತ್ತದೆ. ಮೇಲಿನ 21 ಗೇರಿಗಿಂತ ಇದರ ವ್ಯಾಪ್ತಿಯೇ ದೊಡ್ಡದು. ಮುಂದಿನ ಡಿರೇಲರ್ ಇಲ್ಲದ್ದರಿಂದ ತಾಪತ್ರಯವೂ ಕಡಿಮೆ, ಕಲಿಯುವವರಿಗೆ ಸಲೀಸು. ಒಂದು ಸ್ಪ್ರಾಕೆಟ್‌ನಿಂದ ಇನ್ನೊಂದಕ್ಕೆ ನೆಗೆತ ಸ್ವಲ್ಪ ದೊಡ್ಡದಾಗಿರುತ್ತದೆ, ಅಷ್ಟೇ.

ಯಾವ ಗೇರ್ ಸರಿ ಎಂದು ಕಾಲೇ ಹೇಳಬೇಕು

ಶಿಫ್ಟರ್ ಮೇಲಿನ ಅಂಕಿ ನೋಡಿ ಗೇರ್ ಆರಿಸುವವರು ಯಾವಾಗಲೂ ತಡವಾಗಿ ಬದಲಿಸುತ್ತಾರೆ. ನೋಡಬೇಕಾದದ್ದು ಪೆಡಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು. ಅಳೆಯುವುದು ಸುಲಭ. ಬಲ ಮೊಣಕಾಲು ಮೇಲೆ ಬಂದಾಗಲೆಲ್ಲ ಒಂದು ಎಂದು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. 20 ಬಂದರೆ ನಿಮಿಷಕ್ಕೆ 80 ಸುತ್ತು. ಸಮತಟ್ಟಿನಲ್ಲಿ 70ರಿಂದ 90 ಹೆಚ್ಚಿನವರಿಗೆ ಹಿತವಾದ ಲಯ, ಏರಿನಲ್ಲಿ 60ರಿಂದ 75ಕ್ಕೆ ಇಳಿದರೂ ಸರಿ. ಅಭ್ಯಾಸವಿಲ್ಲದವರು ಸಾಮಾನ್ಯವಾಗಿ 50ರ ಆಸುಪಾಸಿನಲ್ಲಿ ತುಳಿಯುತ್ತಾರೆ, ಅದೇ ಸಹಜ ಎಂದುಕೊಂಡಿರುತ್ತಾರೆ.

ಆ 50ರಲ್ಲಿ ಏನು ಕೆಡುತ್ತದೆ? ಸೈಕಲ್ ಅದೇ ವೇಗದಲ್ಲಿ ಓಡಬೇಕಾದರೆ ಸುತ್ತು ಕಡಿಮೆಯಾದಷ್ಟೂ ಪ್ರತಿ ತುಳಿತಕ್ಕೆ ಬೇಕಾದ ಬಲ ಹೆಚ್ಚುತ್ತದೆ. 80 ಸುತ್ತಿನ ಬದಲು 50 ಸುತ್ತಿನಲ್ಲಿ ಅದೇ ವೇಗ ಕಾಯ್ದುಕೊಳ್ಳಲು ಪ್ರತಿ ಸಲವೂ 1.6 ಪಟ್ಟು ಬಲ ಹಾಕಬೇಕು. ಹತ್ತು ನಿಮಿಷಕ್ಕೆ ಇದು ಗೊತ್ತಾಗುವುದಿಲ್ಲ. ಗಂಟೆಗಟ್ಟಲೆ ತುಳಿದರೆ ತೊಡೆ ಬೇಗ ಸೋಲುತ್ತದೆ, ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ. ಹಗುರ ಗೇರಿನಲ್ಲಿ ವೇಗವಾಗಿ ತುಳಿದಾಗ ಏದುಸಿರು ಸ್ವಲ್ಪ ಮೊದಲೇ ಬರಬಹುದು, ಆದರೆ ಉಸಿರು ಬೇಗ ಹತೋಟಿಗೆ ಬರುತ್ತದೆ. ಸೋತ ಸ್ನಾಯು ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ. ಮಂಡಿನೋವಿಗೆ ಸೀಟಿನ ಎತ್ತರವೂ ಕಾರಣವಾಗಬಹುದು. ಸೀಟು ಸರಿಯಿದ್ದೂ ನೋವು ಬರುತ್ತಿದ್ದರೆ ಎರಡು ಗೇರ್ ಹಗುರ ಮಾಡಿ ನೋಡುವುದು ಖರ್ಚಿಲ್ಲದ ಮೊದಲ ಪರೀಕ್ಷೆ.

ತುಳಿತದ ವೇಗ ತೀರಾ ಹೆಚ್ಚಿ ಸೀಟಿನ ಮೇಲೆ ಮೈ ಕುಪ್ಪಳಿಸತೊಡಗಿದರೆ ಗೇರ್ ಹಗುರವಾಯಿತು ಎಂದರ್ಥ, ಒಂದು ಕ್ಲಿಕ್ ಭಾರ ಮಾಡಿ. ಪೆಡಲ್ ಮೇಲಿಂದ ಕೆಳಕ್ಕೆ ಬರುವಾಗ ತಳ್ಳಿ ತಳ್ಳಿ ಇಳಿಸುತ್ತಿದ್ದೇನೆ, ಭುಜ ಅತ್ತಿತ್ತ ವಾಲುತ್ತಿದೆ ಎನಿಸಿದರೆ ಭಾರವಾಯಿತು, ಒಂದು ಕ್ಲಿಕ್ ಹಗುರ ಮಾಡಿ. ಎದುರುಗಾಳಿಯನ್ನೂ ಏರು ಎಂದೇ ಲೆಕ್ಕ ಹಿಡಿಯಿರಿ. ಸಮತಟ್ಟಿನಲ್ಲಿ ಇಷ್ಟು ವೇಗ ಹೋಗಲೇಬೇಕು ಎಂದು ಗಾಳಿಯೊಡನೆ ಹಟಕ್ಕೆ ಬಿದ್ದು ಭಾರದ ಗೇರನ್ನೇ ತುಳಿಯುವುದರಿಂದ ಸಿಗುವುದು ದಣಿವು ಮಾತ್ರ.

ಏರು ಬರುವ ಮೊದಲು, ಏರಿನ ಮೇಲೆ

ಏರಿನಲ್ಲಿ ಗೇರ್ ಬದಲಿಸುವ ಕೌಶಲ ಏರು ಶುರುವಾಗುವ ಮೊದಲೇ ಶುರುವಾಗುತ್ತದೆ. ಕಡಿದಾದ ದಿಬ್ಬ ಕಂಡಾಗ, ಅದರ ಬುಡಕ್ಕೆ 20–30 ಮೀಟರ್ ಇರುವಾಗಲೇ ಮುಂದಿನ ರಿಂಗನ್ನು ಚಿಕ್ಕದು ಮಾಡಿ. ಚೈನ್ ಮೇಲೆ ಇನ್ನೂ ಭಾರ ಬಿದ್ದಿರುವುದಿಲ್ಲ, ಮುಂದಿನ ಡಿರೇಲರ್ ತಕರಾರಿಲ್ಲದೆ ಕೆಲಸ ಮಾಡುತ್ತದೆ.

ಇಲ್ಲೊಂದು ತೊಡಕಿದೆ. 34ರ ರಿಂಗ್‌ನಿಂದ 24ಕ್ಕೆ ಇಳಿದರೆ ಗೇರ್ ಒಮ್ಮೆಗೇ ಶೇ. 30ರಷ್ಟು ಹಗುರವಾಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿಯುತ್ತಿದ್ದ ಕಾಲು ಅದೇ ವೇಗ ಉಳಿಸಿಕೊಳ್ಳಲು 99 ಸುತ್ತು ತುಳಿಯಬೇಕು. ಕಾಲು ಗಾಳಿಯಲ್ಲಿ ತಿರುಗಿದಂತಾಗಿ ಏರಿಗೆ ಬೇಕಿದ್ದ ವೇಗವೇ ಕಳೆದುಹೋಗುತ್ತದೆ. ಅದಕ್ಕೇ ಮುಂದೆ ಚಿಕ್ಕದು ಮಾಡಿದ ಬೆನ್ನಲ್ಲೇ ಹಿಂದೆ ಎರಡು ಕ್ಲಿಕ್ ಭಾರ ಮಾಡಬೇಕು. 34ಕ್ಕೆ 22ರಲ್ಲಿ ಅನುಪಾತ 1.55 ಇತ್ತೆನ್ನಿ. ಮುಂದೆ 24ಕ್ಕೆ ಇಳಿದು ಹಿಂದೆ 22ರಿಂದ 18ಕ್ಕೆ ಬಂದರೆ 1.33. ಇದು ಕಾಲಿಗೆ ಹೊಂದುವ ಇಳಿಕೆ. ಅಲ್ಲಿಂದ ಮುಂದೆ ಏರು ಕಡಿದಾದಂತೆಲ್ಲ ಬಲಗೈಯಿಂದ ಒಂದೊಂದೇ ಹಗುರ ಮಾಡುತ್ತಾ ಹೋಗಲು ಕೆಳಗೆ ನಾಲ್ಕು ಸ್ಪ್ರಾಕೆಟ್ ಉಳಿದಿರುತ್ತವೆ. ದೊಡ್ಡ ರಿಂಗಿಗೆ ಹತ್ತುವಾಗ ಇದೇ ಕ್ರಮ ತಿರುಗುಮುರುಗು: ಮುಂದೆ ದೊಡ್ಡದು, ಹಿಂದೆ ಎರಡು ಕ್ಲಿಕ್ ಹಗುರ. ಎರಡು ಕೈಯನ್ನೂ ಒಂದೇ ಕ್ಷಣಕ್ಕೆ ಒತ್ತಬೇಡಿ. ಎರಡೂ ತುದಿಯಲ್ಲಿ ಚೈನ್ ಒಟ್ಟಿಗೇ ಸರಿಯುವಾಗ ಬೀಳುವ ಸಂಭವ ಹೆಚ್ಚು. ನಡುವೆ ಅರ್ಧ ಸುತ್ತಿನ ಬಿಡುವು ಇರಲಿ.

ಏರಿನ ನಡುವೆಯೇ ಬದಲಿಸಬೇಕಾದಾಗ ಕಾಲಿನ ಕೆಲಸ ಹೀಗೆ. ಮೊದಲು ಒಂದು ಅಥವಾ ಎರಡು ತುಳಿತವನ್ನು ಸ್ವಲ್ಪ ಜೋರಾಗಿ ತುಳಿದು ವೇಗವನ್ನು ಒಂಚೂರು ಹೆಚ್ಚಿಸಿಕೊಳ್ಳಿ. ಕೂಡಲೇ ಅರ್ಧ ಸುತ್ತಿನ ಮಟ್ಟಿಗೆ ಬಲ ತೆಗೆದು, ಪೆಡಲ್ ತಿರುಗಿಸುತ್ತಲೇ ಲಿವರ್ ಒತ್ತಿ. ಒಂದು ಪೆಡಲ್ ನೆತ್ತಿಗೂ ಇನ್ನೊಂದು ಬುಡಕ್ಕೂ ಬರುವ ಕ್ಷಣದಲ್ಲಿ ಕಾಲಿನ ಬಲ ತಾನಾಗಿಯೇ ಕಡಿಮೆಯಿರುತ್ತದೆ. ಕ್ಲಿಕ್ಕನ್ನು ಅಲ್ಲಿಗೆ ಕೂಡಿಸಿದರೆ ಇನ್ನೂ ನಯ. ಚೈನ್ ಕೂತದ್ದು ಕಾಲಿಗೆ ತಿಳಿಯುತ್ತದೆ. ಆಮೇಲೆ ಮತ್ತೆ ಬಲ ಹಾಕಿ. ಓದಲು ಉದ್ದ ಎನಿಸಿದರೂ ನಡೆಯುವುದು ಒಂದು ಸೆಕೆಂಡಿನ ಒಳಗೆ. ಕೆಲವು ಶಿಫ್ಟರ್‌ಗಳಲ್ಲಿ ಒಂದೇ ಒತ್ತಿಗೆ ಎರಡು ಮೂರು ಗೇರ್ ಹಗುರ ಮಾಡಬಹುದು. ಆ ಸೌಲಭ್ಯ ಸಮತಟ್ಟಿಗೆ ಇರಲಿ. ಏರಿನಲ್ಲಿ ಒಂದೊಂದೇ ಕ್ಲಿಕ್.

ವೇಗ ಪೂರ್ತಿ ಸತ್ತು ಸೈಕಲ್ ಓಲಾಡತೊಡಗಿದ ಮೇಲೆ ಈ ಉಪಾಯ ನಡೆಯುವುದಿಲ್ಲ. ಅರ್ಧ ಸುತ್ತು ಬಲ ತೆಗೆದರೆ ಸೈಕಲ್ ನಿಂತೇಬಿಡುತ್ತದೆ. ರಸ್ತೆ ಅಗಲವಾಗಿದ್ದು ವಾಹನ ಇಲ್ಲದಿದ್ದರೆ, ಏರಿಗೆ ಅಡ್ಡಲಾಗಿ ಒಂದೆರಡು ಮೀಟರ್ ತಿರುಗಿಸಿಕೊಳ್ಳಿ. ಅಡ್ಡದಾರಿಯಲ್ಲಿ ಏರು ಕಡಿಮೆಯಾಗಿ ಭಾರ ಇಳಿಯುತ್ತದೆ, ಆ ಬಿಡುವಿನಲ್ಲಿ ಗೇರ್ ಹಾಕಬಹುದು. ಆಗದಿದ್ದರೆ ಇಳಿದುಬಿಡಿ. ಸೀಟು ಹಿಡಿದು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಲಿವರ್ ಒತ್ತಿ, ಪೆಡಲನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರೆ ಚೈನ್ ಬೇಕಾದ ಗೇರಿಗೆ ಬಂದು ಕೂರುತ್ತದೆ. ಚೈನ್ ಮುರಿಯುವುದಕ್ಕಿಂತ ಅರ್ಧ ನಿಮಿಷ ಇಳಿದು ನಿಲ್ಲುವುದು ಲೇಸು.

ಎದ್ದು ನಿಂತು ತುಳಿಯುವವರಿಗೆ ಒಂದು ಮಾತು. ನಿಂತಾಗ ಮೈಭಾರವೇ ಪೆಡಲ್ ಮೇಲೆ ಬೀಳುವುದರಿಂದ ಲಯ ನಿಧಾನವಾಗುತ್ತದೆ. ಏಳುವ ಮುನ್ನ ಒಂದು ಕ್ಲಿಕ್ ಭಾರ ಮಾಡಿಕೊಳ್ಳಿ, ಕೂತ ಮೇಲೆ ಮತ್ತೆ ಹಗುರ ಮಾಡಿ. ನಿಂತಿರುವಾಗ ಮಾತ್ರ ಬದಲಿಸಬೇಡಿ. ಆ ಸ್ಥಿತಿಯಲ್ಲಿ ಚೈನ್ ಜಾರಿದರೆ ಪೆಡಲ್ ಒಮ್ಮೆಲೇ ಕೆಳಗೆ ಬಿದ್ದು, ಮೈ ಮುಂದಕ್ಕೆ ಮುಗ್ಗರಿಸುತ್ತದೆ.

ಇಳಿಜಾರಿನಲ್ಲಿ ಚೈನನ್ನು ದೊಡ್ಡ ರಿಂಗ್ ಮೇಲೆ ಇಡಿ, ತುಳಿಯುವ ಅಗತ್ಯ ಇಲ್ಲದಿದ್ದರೂ. ಚೈನ್ ಬಿಗಿಯಾಗಿ ನಿಲ್ಲುವುದರಿಂದ ಗುಂಡಿಗಳಲ್ಲಿ ಕುಲುಕಿ ಬೀಳುವುದು ಕಡಿಮೆ. ಇಳಿಜಾರು ಮುಗಿದ ಕೂಡಲೇ ತುಳಿಯಲು ಗೇರೂ ಸಿದ್ಧವಿರುತ್ತದೆ.

ನಿಲ್ಲುವ ಮುನ್ನ

ಊರೊಳಗಿನ ಓಡಾಟದಲ್ಲಿ ಏರಿಗಿಂತ ಹೆಚ್ಚು ಕಾಡುವುದು ನಿಲುಗಡೆ. ವೇಗದ ಗೇರಿನಲ್ಲಿ ಬಂದು ಬ್ರೇಕ್ ಹಿಡಿದು ನಿಂತರೆ ಮತ್ತೆ ಹೊರಡುವುದು ಅದೇ ಭಾರದ ಗೇರಿನಲ್ಲಿ. ಮೊದಲ ಎರಡು ತುಳಿತದಲ್ಲಿ ಸೈಕಲ್ ಓಲಾಡುವುದು, ಪಕ್ಕದ ವಾಹನದತ್ತ ವಾಲುವುದು ಇದರಿಂದಲೇ. ನಿಲ್ಲಬೇಕಾದ ಜಾಗ ಕಂಡಾಗ ಬ್ರೇಕ್ ಹಿಡಿಯುವುದಕ್ಕೂ ಮೊದಲು, ಕಾಲು ಹಗುರವಾಗಿ ತಿರುಗಿಸುತ್ತಾ ಎರಡು ಮೂರು ಕ್ಲಿಕ್ ಹಗುರ ಮಾಡಿ, ಆಮೇಲೆ ನಿಲ್ಲಿ. ಏಕಾಏಕಿ ನಿಲ್ಲಬೇಕಾಗಿ ಬಂದಾಗ ಮಾತ್ರ ಗೇರಿನ ಚಿಂತೆ ಬೇಡ, ಬ್ರೇಕೇ ಮೊದಲು.

ಹಬ್‌ನ, ಅಂದರೆ ಹಿಂದಿನ ಚಕ್ರದ ನಡುಭಾಗದ, ಒಳಗೇ ಗೇರ್ ಅಡಗಿರುವ ಸೈಕಲ್‌ಗಳಲ್ಲಿ ಈ ಕ್ರಮ ತಲೆಕೆಳಗು. ಸ್ಟರ್ಮಿ ಆರ್ಚರ್‌ನ ಮೂರು ಗೇರಿನ ಹಬ್, ಶಿಮಾನೊದ ನೆಕ್ಸಸ್, 14 ಗೇರಿನ ರೋಲಾಫ್ ಇಂಥವು. ಇವುಗಳಲ್ಲಿ ಚೈನ್ ಪಕ್ಕಕ್ಕೆ ಸರಿಯುವುದೇ ಇಲ್ಲ. ಹಬ್ ಒಳಗಿನ ಪುಟ್ಟ ಹಲ್ಲುಗಾಲಿಗಳ ಜೋಡಣೆ ಬದಲಾಗುತ್ತದೆ. ಹಾಗಾಗಿ ನಿಂತಲ್ಲೇ ಗೇರ್ ಹಾಕಬಹುದು. ಓಡುವಾಗ ಬದಲಿಸುವುದಾದರೆ ಒಂದು ಕ್ಷಣ ತುಳಿಯುವುದನ್ನೇ ನಿಲ್ಲಿಸಿ ಲಿವರ್ ಸರಿಸುವುದು ಉತ್ತಮ. ಪೆಡಲ್ ಬಳಿಯೇ ಮೋಟಾರ್ ಇರುವ ಎಲೆಕ್ಟ್ರಿಕ್ ಸೈಕಲ್‌ನಲ್ಲಿ ಮೋಟಾರಿನ ಬಲವೂ ಚೈನ್ ಮೂಲಕವೇ ಹರಿಯುತ್ತದೆ. ಹಾಗಾಗಿ ಅಲ್ಲಿ ಕಾಲು ಹಗುರ ಮಾಡುವುದು ಸಾಮಾನ್ಯ ಸೈಕಲ್‌ಗಿಂತ ಹೆಚ್ಚು ಮುಖ್ಯ. ತಪ್ಪಿದರೆ ಚೈನ್, ಸ್ಪ್ರಾಕೆಟ್ ಎರಡೂ ಬೇಗ ಸವೆಯುತ್ತವೆ.

ಓರೆ ಚೈನ್

ಮುಂದೆ ದೊಡ್ಡ ರಿಂಗ್, ಹಿಂದೆಯೂ ಅತಿ ದೊಡ್ಡ ಸ್ಪ್ರಾಕೆಟ್. ಇಲ್ಲವೇ ಮುಂದೆ ಚಿಕ್ಕದು, ಹಿಂದೆಯೂ ಚಿಕ್ಕದು. ಈ ಎರಡು ಜೋಡಣೆಗಳಲ್ಲಿ ಚೈನ್ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ ಓಡುತ್ತದೆ. ಮೊದಲನೆಯದರಲ್ಲಿ ಚೈನ್ ಅತಿಯಾಗಿ ಬಿಗಿದು ಡಿರೇಲರ್ ತೋಳು ಮುಂದಕ್ಕೆ ಚಾಚಿಕೊಳ್ಳುತ್ತದೆ. ಎರಡನೆಯದರಲ್ಲಿ ಚೈನ್ ಜೋಲು ಬಿದ್ದು ಫ್ರೇಮಿಗೆ ಬಡಿಯುತ್ತದೆ, ಪಕ್ಕದ ರಿಂಗ್‌ಗೆ ಉಜ್ಜುತ್ತದೆ. ಸ್ವಲ್ಪ ಹೊತ್ತು ಹಾಗೆ ಓಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ದಿನವೂ ಅದರಲ್ಲೇ ಓಡಿಸಿದರೆ ಚೈನಿನ ಪಕ್ಕ ಸವೆಯುತ್ತದೆ. ಮೇಲಿನ ಲೆಕ್ಕ ನೋಡಿದವರಿಗೆ ಗೊತ್ತು, ಇವುಗಳ ಅಗತ್ಯವೂ ಇಲ್ಲ: 42ಕ್ಕೆ 28ರ ಗೇರ್ 34ಕ್ಕೆ 22ರಲ್ಲಿ ಹೆಚ್ಚುಕಡಿಮೆ ಸಿಗುತ್ತದೆ, ಚೈನೂ ನೇರ ಇರುತ್ತದೆ. ದೊಡ್ಡ ರಿಂಗ್‌ನಲ್ಲಿದ್ದಾಗ ಹಿಂದಿನ ಎರಡು ಅತಿ ದೊಡ್ಡ ಸ್ಪ್ರಾಕೆಟ್‌ಗಳನ್ನು, ಚಿಕ್ಕ ರಿಂಗ್‌ನಲ್ಲಿದ್ದಾಗ ಎರಡು ಅತಿ ಚಿಕ್ಕವನ್ನು ಬಿಟ್ಟರೆ ಸಾಕು.

ತಪ್ಪು ಕಾಲಿನದಲ್ಲದಿದ್ದಾಗ

ಹಗುರವಾಗಿ ತುಳಿಯುತ್ತಾ ಬದಲಿಸಿದರೂ ಗೇರ್ ಸರಿಯಾಗಿ ಬೀಳದಿದ್ದರೆ ಆಗ ಸೈಕಲ್ ಕಡೆ ನೋಡಬೇಕು. ಹಿಂದಿನ ಚಕ್ರ ಎತ್ತಿ, ಚೈನನ್ನು ಅತಿ ಚಿಕ್ಕ ಸ್ಪ್ರಾಕೆಟ್‌ಗೆ ತಂದು, ಪೆಡಲ್ ತಿರುಗಿಸುತ್ತಾ ಒಂದೇ ಕ್ಲಿಕ್ ಒತ್ತಿ. ಚೈನ್ ಎರಡನೆಯದಕ್ಕೆ ಹತ್ತದಿದ್ದರೆ, ಅಥವಾ ತಡಮಾಡಿ ಹತ್ತಿದರೆ, ಕೇಬಲ್ ಸಡಿಲವಾಗಿದೆ. ಕೇಬಲ್ ಡಿರೇಲರ್‌ಗೆ ಅಥವಾ ಶಿಫ್ಟರ್‌ಗೆ ಸೇರುವಲ್ಲಿ ಬೆರಳಿನಿಂದ ತಿರುಗಿಸಬಹುದಾದ ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿ, ಮತ್ತೆ ನೋಡಿ. ಚೈನ್ ಹತ್ತುವುದು ಸರಿಯಿದ್ದು ಇಳಿಯುವುದು ತಡವಾದರೆ, ಅಥವಾ ಪಕ್ಕದ ದೊಡ್ಡ ಸ್ಪ್ರಾಕೆಟ್‌ಗೆ ಉಜ್ಜಿ ಕಿರಿಕಿರಿ ಮಾಡುತ್ತಿದ್ದರೆ, ಕೇಬಲ್ ಬಿಗಿ ಹೆಚ್ಚಾಗಿದೆ. ಮುಳ್ಳಿನ ದಿಕ್ಕಿಗೆ ಕಾಲು ಸುತ್ತು. ಹೊಸ ಸೈಕಲ್‌ನಲ್ಲಿ, ಹೊಸ ಕೇಬಲ್ ಹಾಕಿದ ಮೇಲೆ, ಕೆಲವು ವಾರಗಳಲ್ಲಿ ಇದು ಬೇಕಾಗುವುದು ಸಹಜ. ಕೇಬಲ್‌ನ ಹೊರಕವಚ ತನ್ನ ಜಾಗದಲ್ಲಿ ಒತ್ತಿ ಕೂರುವುದರಿಂದ ಒಳಗಿನ ತಂತಿ ಸಡಿಲವಾಗುತ್ತದೆ. ಹತ್ತುವುದೂ ಇಳಿಯುವುದೂ ಎರಡೂ ನಿಧಾನವಾಗಿದ್ದರೆ ತಿರುಪಿನಿಂದ ಸರಿಹೋಗುವುದಿಲ್ಲ. ಕವಚದೊಳಗೆ ಮಣ್ಣೋ ತುಕ್ಕೋ ಸೇರಿದೆ, ತಂತಿ ಮತ್ತು ಕವಚ ಎರಡನ್ನೂ ಬದಲಿಸಬೇಕು.

ಡಿರೇಲರ್ ಮೇಲೆ ಅಕ್ಕಪಕ್ಕ ಎರಡು ಸ್ಕ್ರೂಗಳಿರುತ್ತವೆ, ಎಚ್ ಮತ್ತು ಎಲ್ ಎಂದು ಗುರುತು ಮಾಡಿರುತ್ತಾರೆ. ಇವು ಗೇರ್ ಹೊಂದಿಸಲು ಇರುವವಲ್ಲ, ಡಿರೇಲರ್ ಎರಡೂ ತುದಿಗಳಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬ ಗಡಿಗಳು. ಎಚ್ ಚಿಕ್ಕ ಸ್ಪ್ರಾಕೆಟ್ ಕಡೆಯದು, ಎಲ್ ದೊಡ್ಡದರ ಕಡೆಯದು. ಚೈನ್ ಚಿಕ್ಕದನ್ನೂ ದಾಟಿ ಫ್ರೇಮಿನ ಕಡೆ ಬೀಳುತ್ತಿದ್ದರೆ ಎಚ್ ಸ್ಕ್ರೂವನ್ನು, ದೊಡ್ಡದನ್ನು ದಾಟಿ ಚಕ್ರದ ಕಡ್ಡಿಗಳ ಕಡೆ ಬೀಳುತ್ತಿದ್ದರೆ ಎಲ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಬಿಗಿ ಮಾಡಿ ನೋಡಬೇಕು. ಎರಡನೆಯದನ್ನು ಎಂದಿಗೂ ನಾಳೆಗೆ ಬಿಡಬೇಡಿ. ಓಡುತ್ತಿರುವಾಗ ಡಿರೇಲರ್ ಕಡ್ಡಿಗಳೊಳಗೆ ಸಿಕ್ಕಿದರೆ ಹಿಂದಿನ ಚಕ್ರ ಒಮ್ಮೆಲೇ ಕಚ್ಚಿಕೊಳ್ಳುತ್ತದೆ, ಡಿರೇಲರ್ ಕಿತ್ತುಬರುತ್ತದೆ.

ಸೈಕಲ್ ಬಲಮಗ್ಗುಲಿಗೆ ಬಿದ್ದ ಮೇಲೆ ಗೇರ್ ಕೆಟ್ಟಿದ್ದರೆ ಸ್ಕ್ರೂ ಮುಟ್ಟುವ ಮೊದಲು ಹ್ಯಾಂಗರ್ ನೋಡಿ. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು ಅದು. ಅಲ್ಯೂಮಿನಿಯಂ ಫ್ರೇಮ್‌ಗಳಲ್ಲಿ, ಪೆಟ್ಟಾದರೆ ಫ್ರೇಮಿನ ಬದಲು ತಾನು ಬಾಗಲಿ ಎಂದು ಅದನ್ನು ಬೇಕೆಂದೇ ಮೆದುವಾಗಿ ಮಾಡಿರುತ್ತಾರೆ. ಸೈಕಲ್ ಹಿಂದೆ ನಿಂತು ನೋಡಿದಾಗ ಡಿರೇಲರ್‌ನ ಎರಡು ಪುಟ್ಟ ಗಾಲಿಗಳು ಸ್ಪ್ರಾಕೆಟ್‌ನ ನೇರಕ್ಕೆ, ಒಂದರ ಕೆಳಗೊಂದು ಇರಬೇಕು. ಕೆಳಗಿನದು ಚಕ್ರದ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಅದನ್ನು ನೆಟ್ಟಗೆ ಮಾಡಿಸದೆ ಎಷ್ಟು ತಿರುಪು ತಿರುಗಿಸಿದರೂ, ಒಂದು ಗೇರ್ ಸರಿಯಾದರೆ ಇನ್ನೊಂದು ಕೆಡುತ್ತದೆ.

ಓಡುವಾಗ ಮುಂದೆ ಚೈನ್ ಒಳಗಡೆಗೆ ಬಿದ್ದರೆ ಗಾಬರಿಯಾಗಿ ಹಿಂದಕ್ಕೆ ತುಳಿಯಬೇಡಿ. ಎಡಗೈಯಿಂದ ದೊಡ್ಡ ರಿಂಗಿಗೆ ಲಿವರ್ ಒತ್ತಿ, ಪೆಡಲನ್ನು ಬಲವಿಲ್ಲದೆ ಮುಂದಕ್ಕೆ ತಿರುಗಿಸಿ. ಅನೇಕ ಸಲ ಚೈನ್ ತಾನೇ ಹತ್ತಿಕೊಳ್ಳುತ್ತದೆ, ಕೈಗೆ ಮಸಿ ಹತ್ತುವುದು ತಪ್ಪುತ್ತದೆ. ಎಲ್ಲೋ ಬಿಗಿದುಕೊಂಡಂತೆ ಎನಿಸಿದರೆ ಬಲ ಹಾಕದೆ ಇಳಿದು ಬಿಡಿಸಿ.

ಗೇರ್ ಬದಲಿಸದೇ ಇರುವಾಗಲೂ, ಜೋರಾಗಿ ತುಳಿದ ಕೂಡಲೇ ಚೈನ್ ಹಲ್ಲು ಹಾರಿಸುತ್ತಿದ್ದರೆ ಅದು ಸವೆತ. ಚೈನಿನ ಪಿನ್‌ಗಳ ನಡುವಿನ ಅಂತರ ಹೊಸದರಲ್ಲಿ ಅರ್ಧ ಇಂಚು. ಒಂದು ಪಿನ್ನಿನ ಮಧ್ಯದಿಂದ 25ನೆಯ ಪಿನ್ನಿನ ಮಧ್ಯಕ್ಕೆ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಇರಬೇಕು. ಓಡುತ್ತಾ ಓಡುತ್ತಾ ಪಿನ್ನುಗಳು ಸವೆದು ಈ ಅಳತೆ ಹಿಗ್ಗುತ್ತದೆ. ಹಿಂದೆ 11 ಅಥವಾ 12 ಸ್ಪ್ರಾಕೆಟ್ ಇರುವ ಸೈಕಲ್‌ನಲ್ಲಿ ಹಿಗ್ಗು ಶೇ. 0.5 ತಲುಪಿದಾಗ, ಅಂದರೆ ಆ ಅಳತೆ 306.3 ಮಿ.ಮೀ. ಆದಾಗ, ಚೈನ್ ಬದಲಿಸಿ. 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶೇ. 0.75ರವರೆಗೆ, ಎಂದರೆ ಸುಮಾರು 307.1 ಮಿ.ಮೀ.ವರೆಗೆ ಕಾಯಬಹುದು. ತಡಮಾಡಿದರೆ ಹಿಗ್ಗಿದ ಚೈನ್ ಸ್ಪ್ರಾಕೆಟ್‌ನ ಹಲ್ಲುಗಳನ್ನೂ ತನ್ನ ಅಳತೆಗೆ ಸವೆಸಿಕೊಳ್ಳುತ್ತದೆ, ಆಮೇಲೆ ಹೊಸ ಚೈನ್ ಹಾಕಿದರೂ ಆ ಹಲ್ಲುಗಳ ಮೇಲೆ ಅದು ಜಾರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ. ಎಣ್ಣೆ ಹಾಕುವಾಗ ಚೈನಿನ ಒಳಬದಿಯಲ್ಲಿ ಪ್ರತಿ ಉರುಳೆಗೆ ಒಂದೊಂದೇ ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ಹತ್ತಿಪ್ಪತ್ತು ಸುತ್ತು ತಿರುಗಿಸಿ, ಹೊರಗೆ ಉಳಿದದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಕೆಲಸ ಮಾಡುವುದು ಉರುಳೆಯ ಒಳಗಿನ ಎಣ್ಣೆ. ಹೊರಗೆ ಉಳಿದ ಎಣ್ಣೆಗೆ ಧೂಳು ಅಂಟಿ ಅದು ಮರಳುಕಾಗದದಂತೆ ಹಲ್ಲುಗಳನ್ನು ತಿನ್ನುತ್ತದೆ.